ಮೂಗಿನ ಮೇಲೆ ಸಿಪ್ಪೆ
ಮೋಡ ಕವಿದಿದೆಯಲ್ಲ ಅಂತ ಟೋಪಿಯಿಲ್ಲದೆ ಮೂರು ಗಂಟೆ ಬಯಲಲ್ಲಿ ಅಲೆದೆ. ಚರ್ಮ ಸುಡುವ ಬಿಸಿಲಿನ ನೇರಳಾತೀತ ಕಿರಣಕ್ಕೆ ಮೋಡ ಯಾವ ಲೆಕ್ಕ! ಆಗೇನೂ ಅನ್ನಿಸಲಿಲ್ಲ, ರಾತ್ರಿ ಹೊತ್ತಿಗೆ ಕತ್ತು, ಹೆಗಲು ಕೆಂಡ. ಅಂಗಿ ತಾಗಿದರೂ ಉರಿ. ಮಂಜುಗಡ್ಡೆಗೆ ಕೈ ಹೋಗಿತ್ತು, ಬೆಂದ ಚರ್ಮಕ್ಕೆ ಅದು ಇನ್ನೊಂದು ಪೆಟ್ಟು ಅಂತ ನೆನಪಾಗಿ ಬಿಟ್ಟೆ. ತಣ್ಣೀರ ಬಟ್ಟೆ, ಲೋಳೆಸರ, ಮೇಲಿಂದ ಮೇಲೆ ನೀರು ಕುಡಿದದ್ದು, ಅಷ್ಟೇ. ಉರಿ ತಾರಕಕ್ಕೇರಿದ್ದು ಮಾರನೇ ದಿನ.

ಇವತ್ತು ಐದನೇ ದಿನ. ಮೂಗಿನ ಮೇಲೆ ಸಿಪ್ಪೆ ಏಳುತ್ತಿದೆ. ಕೀಳಬಾರದು ಅಂತ ಗೊತ್ತು, ಬೆರಳು ಕೇಳಬೇಕಲ್ಲ! ಕೆಟ್ಟ ಜೀವಕೋಶಗಳು ತಾವಾಗಿ ಸತ್ತು ಹೊಸದಕ್ಕೆ ಜಾಗ ಬಿಡುತ್ತಿವೆ. ನನ್ನನ್ನು ಒಂದು ಮಾತೂ ಬೈಯದೆ ಮೈ ತನ್ನ ಪಾಡಿಗೆ ರಿಪೇರಿಗೆ ಕೂತಿರುವುದು ನೋಡಿ ಸ್ವಲ್ಪ ನಾಚಿಕೆಯಾಯಿತು. ಅಡಿಯ ಹೊಸ ಚರ್ಮ ಎಳೆಗೂಸಿನ ಕೆನ್ನೆಯ ಹಾಗಿದೆ.