ಸಂಜೆ ಬಾಗಿಲು ಹಾಕುವವರು ಯಾರು?

ಪಾಂಡವಪುರದ ನಮ್ಮ ಮನೆಯ ಹಿತ್ತಲಿನಲ್ಲಿ ಕೋಳಿಗೂಡಿನ ಕೆಲಸ ಮುಗಿದದ್ದು ಈ ಭಾನುವಾರ. ವೆಲ್ಡಿಂಗ್ ಕೆಲಸದವನು ಚಿಲಕವನ್ನು ಎಳೆದು ನೋಡಿ, ಕೈ ಒರೆಸಿಕೊಳ್ಳುತ್ತಾ, ಇಂಥವರನ್ನೇ ಎಂದು ಗುರಿಮಾಡದೆ ಕೇಳಿದ: "ಎಲ್ಲಾ ಸರಿ, ದಿನಾ ಸಂಜೆ ಈ ಬಾಗ್ಲು ಹಾಕೋರು ಯಾರು?" ಗೂಡಿನ ಪಕ್ಕ ನಿಂತಿದ್ದ ನನ್ನ ಗಂಡ, ಮೈದುನ, ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮಾವ, ಮೂವರೂ ಒಟ್ಟಿಗೆ ನನ್ನತ್ತ ತಿರುಗಿದರು. ಯಾರೂ ಬಾಯಿ ತೆರೆಯಲಿಲ್ಲ. ಅದರಲ್ಲಿ ಕೇಳುವುದಕ್ಕಾಗಲಿ ಹೇಳುವುದಕ್ಕಾಗಲಿ ಏನಿದೆ ಎಂಬಂತಿದ್ದ ಆ ಮೂರು ಮುಖಗಳು ಈ ವಾರವಿಡೀ ರೈಲಿನಲ್ಲಿ, ಕಚೇರಿಯಲ್ಲಿ, ಅನ್ನಕ್ಕೆ ಇಟ್ಟು ನಿಂತಾಗಲೆಲ್ಲ ನನ್ನ ಕಣ್ಣೆದುರಿಗೆ ಬರುತ್ತಿವೆ.

ನಾನು ಮೈಸೂರಿನ ಕೆಲಸ ಮುಗಿಸಿ ಮನೆ ಸೇರುವಾಗ ಏಳೂವರೆ ದಾಟಿರುತ್ತದೆ. ನಮ್ಮ ಕಡೆ ಕಾರ್ತಿಕದಲ್ಲಿ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ, ಆಷಾಢದಲ್ಲೂ ಏಳರೊಳಗೆ ಮುಳುಗಿಬಿಡುತ್ತದೆ. ಮಬ್ಬುಗತ್ತಲೆಯಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದಲೇ ಅದು ಹೊತ್ತಿಗೆ ಮುಂಚೆ ತಾನಾಗಿ ಗೂಡು ಸೇರಿ ಅಡ್ಡಗಳುವಿನ ಮೇಲೆ ಕೂರುತ್ತದೆ, ಕೂತ ಮೇಲೆ ಯಾರು ಬಂದರೂ ಎದ್ದು ಓಡಲಾರದು. ಹಿತ್ತಲ ಬೇಲಿಯಾಚೆಗೆ ಕಬ್ಬಿನ ಗದ್ದೆ. ಮುಂಗುಸಿ, ಕಾಡುಬೆಕ್ಕುಗಳಿಗೆ ಅದಕ್ಕಿಂತ ಒಳ್ಳೆಯ ಮರೆ ಬೇಕಿಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡನ್ನು ನೆಲದಿಂದ ಎರಡು ಅಡಿ ಎತ್ತರಿಸಿ, ಬಿಸಿಲು ನೇರವಾಗಿ ಒಳನುಗ್ಗದಂತೆ ಪೂರ್ವ ಪಶ್ಚಿಮಕ್ಕೆ ಉದ್ದ ಮಾಡಿ, ನಾಯಿ ಹರಿದುಬಿಡುವ ಕೋಳಿ ಮೆಶ್ ಬದಲಿಗೆ ಅರ್ಧ ಇಂಚಿನ ಗಟ್ಟಿ ಜಾಲರಿ ಬಿಗಿದು, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ್ದೇವೆ. ಒಂದು ಸಂಜೆ ಬಾಗಿಲು ತೆರೆದೇ ಉಳಿದರೆ ಇಷ್ಟೂ ವ್ಯರ್ಥ. ವೆಲ್ಡಿಂಗಿನವನಿಗೆ ಅದು ತಿಳಿದಿತ್ತು. ನಮ್ಮ ಮನೆಯಲ್ಲಿ ಆ ದಿನ ಅತ್ಯಂತ ಬುದ್ಧಿವಂತನಾಗಿದ್ದವನು ಅವನೇ.

ಗೂಡು ಏಳುವಾಗ ಸಹಾಯಕ್ಕೆ ಜನರ ಕೊರತೆ ಇರಲಿಲ್ಲ. ಜಾಲರಿ ಆರಿಸಿ ತಂದವರು ನನ್ನ ಗಂಡ. ನಾಟಿಯೋ ಗಿರಿರಾಜವೋ ಎಂಬ ಚರ್ಚೆಯನ್ನು ಮೂರು ಊಟಗಳವರೆಗೆ ಎಳೆದು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯೇ ಆಗಬೇಕೆಂದು ಗೆದ್ದವನು ಮೈದುನ. ಅವನು ಎಲ್ಲ ವಿಷಯದಲ್ಲೂ ಗೆಲ್ಲುತ್ತಾನೆ, ಏಕೆಂದರೆ ಉಳಿದವರಿಗೆ ಬೇರೆ ಕೆಲಸವಿರುತ್ತದೆ. ತರುವುದು ಆರು ವಾರದ ಮರಿಗಳಾದ್ದರಿಂದ ಬಲ್ಬಿನ ಕಾವಿನ ಚಿಂತೆ ಇಲ್ಲ. ಎಂಟನೆಯ ವಾರದ ಸುಮಾರಿಗೆ ಹಾಕಿಸಬೇಕಾದ ಕೊಕ್ಕರೆ ರೋಗದ ಲಸಿಕೆಯನ್ನು ತಾನೇ ಹಾಕಿಸುವುದಾಗಿ ಅವನು ಆಗಲೇ ಘೋಷಿಸಿದ್ದಾನೆ. ಒಮ್ಮೆ ಮಾಡಿ ಮುಗಿಸಿ, ಮಾಡಿದೆನೆಂದು ಹೇಳಿಕೊಳ್ಳಬಹುದಾದ ಕೆಲಸಗಳೆಲ್ಲ ಹೀಗೆ ಹಂಚಿಹೋದವು. ದಿನವೂ ಮಾಡಬೇಕಾದ, ಮಾಡಿದರೆ ಯಾರಿಗೂ ಕಾಣದ, ಬಿಟ್ಟರೆ ಮಾತ್ರ ಎಲ್ಲರಿಗೂ ಕಾಣುವ ಕೆಲಸವೊಂದು ಉಳಿಯಿತು.

ನನ್ನ ಅಜ್ಜಿ ಮದುವೆಮನೆಗೆ ಹೋದರೂ ಹೊತ್ತಿಳಿಯುವ ಮುನ್ನ "ಕೋಳಿ ಮುಚ್ಬೇಕು" ಎಂದು ಎದ್ದು ಬರುತ್ತಿದ್ದಳು. ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರಿ, ಆಮೇಲೆ ದೀಪ ಹಚ್ಚುತ್ತಿದ್ದಳು. ಮೊಟ್ಟೆ ಮಾರಿದ ದುಡ್ಡು ಮಾತ್ರ ಅವಳು ತಾತನಿಗೆ ಲೆಕ್ಕ ಒಪ್ಪಿಸದ ದುಡ್ಡಾಗಿದ್ದರಿಂದ ಆ ಹಟ್ಟಿಕೋಳಿಗಳನ್ನು ಅವಳ ಸ್ವಾತಂತ್ರ್ಯವೆಂದೇ ನಾನು ಇಷ್ಟು ಕಾಲ ಹೇಳಿಕೊಂಡು ಬಂದಿದ್ದೆ. ಆದರೆ ಅವಳು ತವರಿನಲ್ಲಿ ಒಂದು ರಾತ್ರಿ ಉಳಿದದ್ದನ್ನು ನಾನು ಕಂಡಿಲ್ಲ. 'ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ' ಎಂದು ನಮ್ಮವರು ಹೇಳುವಾಗ ಆ 'ಯಾರಾದರೂ' ಯಾವಾಗಲೂ ಹೆಂಗಸೇ ಆಗಿರುತ್ತಾಳೆ. ಈಗ ಆಕೆ ಸಂಜೆಯ ರೈಲಿನಲ್ಲಿರುತ್ತಾಳೆ. ಅವಳತ್ತ ತಿರುಗುವ ಕತ್ತುಗಳಿಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ.

ನಿವೃತ್ತರಾದ ನಮ್ಮ ಮಾವ ಸಂಜೆ ಆರಕ್ಕೆ ಅರಳಿಕಟ್ಟೆಗೆ ಹೋಗುತ್ತಾರೆ. ಒಳ್ಳೆಯ ಮನುಷ್ಯರು, ಅವರಿಗೆ ಯಾರೂ ಏನನ್ನೂ ಹೇಳಿಲ್ಲವಷ್ಟೆ. "ಅಪ್ಪನ್ನ ಹೇಗೆ ಕೇಳೋದು" ಎಂದು ಗಂಡ ತಡವರಿಸಿದ್ದರಿಂದ ಬುಧವಾರ ರಾತ್ರಿ ಊಟ ಬಡಿಸುತ್ತಾ ನಾನೇ ಕೇಳಿದೆ.

"ಕತ್ಲಾಗೋ ಹೊತ್ಗೆ ಅವೇ ಹೋಗಿ ಕೂತ್ಕೊತವಲ್ಲವ್ವ, ನಾನೇನ್ ಮಾಡ್ಬೇಕು?" ಎಂದರು.

"ಹೋಗಿ ಕೂತ್ಕೊತವೆ ಮಾವ, ಚಿಲಕ ಹಾಕ್ಕೊಳಕ್ಕೆ ಬರಲ್ಲ."

ಅವರು ತುಸು ಹೊತ್ತು ಮುದ್ದೆ ಮುರಿಯುತ್ತಾ ಕುಳಿತು, ಮರಿಗಳು ಜಾಗ ಗುರುತಿಸುವಂತೆ ಮೊದಲ ವಾರ ಗೂಡಿನಲ್ಲೇ ಕೂಡಿಹಾಕಬೇಕೆಂದು ನನಗೇ ತಿಳಿಸಿ, ಕಟ್ಟೆಗೆ ಅರ್ಧ ಗಂಟೆ ತಡವಾಗಿ ಹೋದರೂ ನಡೆಯುತ್ತದೆ, ಆದರೆ ಶುಕ್ರವಾರ ದೇವಸ್ಥಾನವಿರುವುದರಿಂದ ಆಗುವುದಿಲ್ಲ ಎಂದರು. ಶುಕ್ರವಾರದ ಮಾತು ಬಂದಾಗ ಗಂಡ ಮತ್ತು ಮೈದುನ ಮತ್ತೆ ನನ್ನ ಮುಖ ನೋಡಿದರು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಮರಿಗಳು ಬರುವುದು ಮುಂದಿನ ವಾರ. ಶುಕ್ರವಾರಕ್ಕೆ ಇಬ್ಬರಲ್ಲಿ ಯಾರು ಎಂಬುದನ್ನು ಅವರೇ ಮಾತಾಡಿಕೊಳ್ಳಲಿ. ನಾನಾಗಿ ನನ್ನ ಹೆಸರು ಹೇಳುವುದಿಲ್ಲ.