ಐಹೊಳೆಗೆ ಹೋದರೆ ಮೇಗುತಿ ಗುಡಿಯ ಹಿಂದೆಯೂ ಹೋಗಿ

ಐಹೊಳೆಗೆ ಹೋದವರು ದುರ್ಗದ ಗುಡಿ, ಲಾಡಖಾನ್ ಗುಡಿ ನೋಡಿ ಪಟ್ಟದಕಲ್ಲಿನ ಕಡೆ ಗಾಡಿ ತಿರುಗಿಸುತ್ತಾರೆ. ಇನ್ನೂ ಕೆಲವರು ಮೇಗುತಿ ಗುಡ್ಡ ಹತ್ತಿ, ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಶಾಸನದ ಫೋಟೋ ತೆಗೆದು ಇಳಿಯುತ್ತಾರೆ. ಗುಡಿಯ ಹಿಂದಿನ ಬಯಲಿಗೆ ಹೋಗುವವರು ತುಂಬಾ ಕಡಿಮೆ. ಆ ಬಯಲಿಗಾಗಿಯೇ ಅರ್ಧ ದಿನ ಇಟ್ಟುಕೊಳ್ಳಿ ಅಂತೀನಿ. ಶಾಸನ ಕ್ರಿ.ಶ. 634ರದ್ದು. ಹಿಂದಿರುವ ಕಲ್ಗೋರಿಗಳು ಕಬ್ಬಿಣ ಯುಗದವು. ದಕ್ಷಿಣ ಭಾರತದಲ್ಲಿ ಇಂಥ ಗೋರಿಗಳ ಕಾಲ ಸುಮಾರು ಕ್ರಿ.ಪೂ. 1200ರಿಂದ ಕ್ರಿ.ಪೂ. 300.

ಬಾಗಲಕೋಟೆಯಿಂದಲೂ ಬಾದಾಮಿಯಿಂದಲೂ ಹೆಚ್ಚುಕಮ್ಮಿ 35 ಕಿ.ಮೀ. ದಾರಿ. ಬಸ್ಸು ಕಡಿಮೆ, ಹೋಗಿ ಬರುವ ಮಾತಾಡಿಕೊಂಡೇ ಆಟೋ ಹಿಡಿಯಿರಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹತ್ತಿ. ಮೇಲೆ ನೆರಳಿಲ್ಲ ಅನ್ನುವುದು ಒಂದು ಕಾರಣ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ನೆಲದಲ್ಲಿ ಹುಗಿದ ಕಲ್ಲುಗಳ ಸಾಲು ಕಾಣುತ್ತದೆ ಅನ್ನುವುದು ಇನ್ನೂ ದೊಡ್ಡ ಕಾರಣ.

ಮೊದಲು ಗಟ್ಟಿಯಾಗಿ ನಿಂತಿರುವ ಒಂದು ಗೋರಿಯನ್ನು ಚೆನ್ನಾಗಿ ನೋಡಿಕೊಳ್ಳಿ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೆ ದೊಡ್ಡ ಚಪ್ಪಡಿ ಮುಚ್ಚಿ, ಮುಂದಿನ ಕಲ್ಲಿಗೆ ದುಂಡನೆಯ ಕಂಡಿ ಕೊರೆದಿರುತ್ತಾರೆ. ಸುತ್ತಲಿನ ಊರವರು ಇವನ್ನು ಮೋರೇರ ಮನೆ ಅನ್ನುತ್ತಾರೆ. ಈ ಆಕಾರ ಕಣ್ಣಲ್ಲಿ ಕೂತ ಮೇಲೆ ಕುಸಿದು ಬಿದ್ದ ಕಲ್ಲುಗುಪ್ಪೆಗಳ ಹತ್ತಿರ ಹೋಗಿ.

ಅಲ್ಲಿಂದ ಕಷ್ಟ ಶುರು. ಗುಡ್ಡದ್ದು ಮರಳುಗಲ್ಲು, ಪದರ ಪದರವಾಗಿ ತಾನೇ ಬಿಡುತ್ತದೆ. ಹಾಗಾಗಿ ಅಡ್ಡ ಬಿದ್ದ ಚಪ್ಪಡಿ ಕಂಡಿತು ಅಂತ ಸಮಾಧಿ ಅಂದುಬಿಡಬೇಡಿ. ಚಪ್ಪಡಿ ಅಂಚಿನ ಮೇಲೆ ನೆಟ್ಟಗೆ ನಿಂತು, ಬುಡ ನೆಲದೊಳಗೆ ಹೋಗಿದ್ದರೆ ಆ ಮಾತು ಬೇರೆ. ಕಲ್ಲಿನ ಅಂಚಿಗೆ ಉಳಿ ಹೊಡೆದ ತೂತುಗಳ ಸಾಲಿದ್ದರೆ ಅದು ಕಲ್ಲು ಒಡೆದವರ ಗುರುತು. ಹೊಲ ಹಸನು ಮಾಡಿದವರು ಬದುವಿಗೆ ಒಟ್ಟಿದ ಗುಂಪಿಯೂ ದೂರದಿಂದ ಹೀಗೇ ಕಾಣುತ್ತದೆ, ಆದರೆ ಅದರ ಕಲ್ಲುಗಳೆಲ್ಲ ಕೈಯಲ್ಲಿ ಎತ್ತುವ ಗಾತ್ರದವು, ಒಂದರ ಮೇಲೊಂದು ಸುಮ್ನೆ ಬಿದ್ದಿರುತ್ತವೆ.

ಅಂಚಿನ ಕಡೆ ಒಂದು ಗುಪ್ಪೆ ನನ್ನನ್ನು ತುಂಬಾ ಹೊತ್ತು ಹಿಡಿದಿಟ್ಟಿತು. ಮೊಣಕಾಲೆತ್ತರ, ಸುಮಾರು ದುಂಡಗೆ. ಸುತ್ತ ದೊಡ್ಡ ಕಲ್ಲುಗಳು ಅರ್ಧ ಹೂತಿವೆ, ಅವುಗಳ ಹೊರಮೈ ಎಲ್ಲ ಒಂದೇ ಗೆರೆಯಲ್ಲಿದೆ. ಒಳಗೆ ಸಣ್ಣ ಕಲ್ಲು ತುಂಬಿದೆ. ನಡುವೆ ತಗ್ಗು ಬಿದ್ದಿದೆ. ಒಳಗಿನ ಕೋಣೆ ಕುಸಿದರೂ ಹೀಗೇ ಆಗುತ್ತದೆ, ನಿಧಿ ಆಸೆಗೆ ಅಗೆದರೂ ಹೀಗೇ ಆಗುತ್ತದೆ. ತಗ್ಗಿನ ಪಕ್ಕದಲ್ಲಿ ಕಲ್ಲು ರಾಶಿ ಬಿದ್ದಿತ್ತು, ಹಾಗಾಗಿ ಅಗೆದದ್ದೇ ಇರಬೇಕು. ಆ ಸುತ್ತುಗಲ್ಲು ಮಾತ್ರ ರೈತರ ಕೆಲಸವಲ್ಲ. ಇದು ಸಮಾಧಿಯ ಕಲ್ಲುಗುಪ್ಪೆ ಇರಬಹುದು ಅಂತ ನನಗೆ ಅನ್ನಿಸಿತು. ಅದಕ್ಕಿಂತ ಜಾಸ್ತಿ ಹೇಳಬೇಕಾದರೆ ಉತ್ಖನನವೇ ಆಗಬೇಕು, ಮೂಳೆಯೋ ಕಬ್ಬಿಣದ ಸಾಮಾನೋ ಸಿಗಬೇಕು ಅಲ್ವಾ?

ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಗಡಿಗೆ ಚೂರು ಕಂಡರೆ ಅದು ದೊಡ್ಡ ಸುಳಿವು. ಬಾಗಿ ನೋಡಿ, ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ತೆಗೆಯಿರಿ, ಎತ್ತಿಕೊಳ್ಳಬೇಡಿ. ಚೂರು ಯಾವ ಗುಪ್ಪೆಯ ಯಾವ ಬದಿಗೆ ಬಿದ್ದಿತ್ತು ಅನ್ನುವುದೇ ಮುಂದೆ ಅಗೆಯುವವರಿಗೆ ಬೇಕಾದ ಮಾಹಿತಿ. ಗುಪ್ಪೆಯ ಮೇಲೆ ಹತ್ತಬೇಡಿ, ಕಲ್ಲು ಉರುಳಿಸಬೇಡಿ. ನಿಧಿಗಳ್ಳರು ಈಗಾಗಲೇ ಎಷ್ಟೋ ಗೋರಿ ಹಾಳು ಮಾಡಿದ್ದಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊಸದಾಗಿ ಅಗೆದ ಮಣ್ಣು ಕಂಡರೆ ಕೆಳಗೆ ಟಿಕೆಟ್ ಕೊಡುವಲ್ಲಿ ತಿಳಿಸಿ.

ಗಟ್ಟಿ ಬೂಟು, ಎರಡು ಬಾಟಲಿ ನೀರು ಬೇಕೇ ಬೇಕು. ಮುಳ್ಳು ಬಹಳ. ಈ ರುಚಿ ಹತ್ತಿದರೆ ಮುಂದಿನ ಸಲ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿಗೆ ಹೋಗಿ. ಅಲ್ಲಿ ಇಂಥವು ನೂರಾರಿವೆ, ಅದಕ್ಕೆ ಪೂರ್ತಿ ಒಂದು ದಿನ ಬೇಕು.