ಪ್ಲಾಸ್ಟಿಕ್ ಕವರಿನೊಳಗಿನ ಲುಂಗಿ

“ಲುಂಗಿ ಒದ್ದೆಯಿತ್ತೋ, ಒಣಗಿತ್ತೋ?”

ಶಿವಮೊಗ್ಗದ ಕೋರ್ಟಿನ ಕಟಕಟೆಯಲ್ಲಿ ನನಗೆ ಬಿದ್ದ ಮೊದಲ ಪಾಟೀಸವಾಲು ಇದು. ಯಾರು ಯಾರಿಗೆ ಹೊಡೆದರು, ಕತ್ತಿ ಎಷ್ಟುದ್ದ ಇತ್ತು ಎಂದೆಲ್ಲ ಕೇಳುತ್ತಾರೆಂದುಕೊಂಡು ರಾತ್ರಿಯೆಲ್ಲ ಉತ್ತರ ಜೋಡಿಸಿದ್ದೆ. ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೇ ಹತ್ತಿ, ಮಂಡಗದ್ದೆ ದಾಟುವವರೆಗೂ ಬಾಯಿಪಾಠ ಮಾಡಿದ್ದೆ. ಲುಂಗಿಯ ಹಸಿ ಒಣ ಕೇಳುತ್ತಾರೆಂದು ಯಾರಿಗೆ ಗೊತ್ತು?

ಅಸಲಿಗೆ ನಾನು ಹೊಡೆದಾಟ ನೋಡಿದವನೇ ಅಲ್ಲ. ನಾನು ಪಂಚ. ಪೊಲೀಸರು ವಸ್ತು ವಶಪಡಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು, ನೋಡಿ, ಮಹಜರಿಗೆ ಸಹಿ ಹಾಕುವ ಊರಿನ ಇಬ್ಬರಲ್ಲಿ ಒಬ್ಬ.

2018ರ ಜುಲೈ ಕೊನೆ, ಪುಷ್ಯ ಮಳೆ. ನಮ್ಮೂರಿನ ದಾಯಾದಿಗಳಿಬ್ಬರಿಗೆ ತೋಟದ ಅಗಳದ ವಿಷಯದಲ್ಲಿ ಜಗಳವಾಗಿ ಒಬ್ಬನ ತಲೆಗೆ ಕತ್ತಿಯ ಏಟು ಬಿದ್ದಿತ್ತು. ಮೂರನೇ ದಿನ ಜೀಪು ಬಂತು. “ಗೌಡ್ರೇ, ಸ್ವಲ್ಪ ಬನ್ನಿ, ಎರಡು ಸೈನ್ ಅಷ್ಟೆ” ಎಂದು ಪೇದೆ ಕರೆದ. ಕೊಡೆ ಹಿಡಿದು ಹೋದೆ.

ಲುಂಗಿ ಇದ್ದದ್ದು ಆರೋಪಿಯ ಬಚ್ಚಲಮನೆಯಲ್ಲಿ, ಒಲೆಯ ಮೇಲೆ ಕಟ್ಟಿದ ಬಿದಿರ ಗಳದಲ್ಲಿ. ಆ ಮಳೆಯಲ್ಲಿ ಬಟ್ಟೆ ಒಣಗುವ ಜಾಗ ಅದೊಂದೇ. ಅದರ ಮೇಲೆ ಕಲೆಗಳು ಒಂದೆರಡಲ್ಲ. ಅಂಚಿಗೆ ಮೈಲುತುತ್ತದ ನೀಲಿ. ಕೊಳೆರೋಗಕ್ಕೆ ಬೋರ್ಡೋ ಹೊಡೆದವರ ಬಟ್ಟೆಯಲ್ಲೆಲ್ಲ ಇರುವಂಥದ್ದು. ಮೊಣಕಾಲಿನ ಮಟ್ಟದಲ್ಲಿ ಕಂದುಗೆಂಪು. ಅಡಿಕೆ ಬೇಯಿಸುವ ಮನೆಯಲ್ಲಿ ಕಂದುಗೆಂಪು ಕಲೆಯಿಲ್ಲದ ಲುಂಗಿ ಸಿಕ್ಕರೆ ಅದು ಮದುವೆ ಮನೆಗೆಂದು ಎತ್ತಿಟ್ಟದ್ದೇ ಸೈ. ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ಹತ್ತಿದ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ. ಎಸ್ಸೈ ಬೆರಳು ಮಾಡಿ ತೋರಿಸಿದ್ದು ರಕ್ತವೋ ಚೊಗರೋ, ನಾಲ್ಕು ದಶಕ ಅಡಿಕೆ ಬೇಯಿಸಿದ ನನಗೂ ಹೇಳಲಾಗಲಿಲ್ಲ. ಮಹಜರಿನಲ್ಲಿ ಮಾತ್ರ ‘ರಕ್ತದ ಕಲೆಗಳುಳ್ಳ ಲುಂಗಿ’ ಎಂದು ಆಗಲೇ ಬರೆದಾಗಿತ್ತು.

ಆ ಮನೆಯದ್ದೇ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದಕ್ಕೆ ಲುಂಗಿ ತುಂಬಿದರು. ಅರಗು ಕರಗಿಸಿ ಮೊಹರು ಒತ್ತಬೇಕಿತ್ತು; ಗಾಳಿಗೆ ಮೇಣದಬತ್ತಿ ನಿಲ್ಲಲಿಲ್ಲ. “ಸ್ಟೇಷನ್ನಲ್ಲಿ ಮಾಡ್ಕೋತೀವಿ ಬಿಡಿ” ಎಂದರು. ನಾನು ನಾಲ್ಕು ಕಾಗದಕ್ಕೆ, ಎರಡು ಚೀಟಿಗೆ ಸಹಿ ಹಾಕಿದೆ. ಓದಲಿಲ್ಲ. ಕನ್ನಡಕ ಮನೆಯಲ್ಲಿತ್ತು ಎಂದು ಈಗ ಹೇಳಬಹುದು, ಇದ್ದಿದ್ದರೂ ಓದುತ್ತಿರಲಿಲ್ಲ.

ಕೋರ್ಟಿಗೆ ಕರೆ ಬಂದದ್ದು 2023ರ ಫೆಬ್ರವರಿಯಲ್ಲಿ. ಸರ್ಕಾರಿ ವಕೀಲರು ಬಟ್ಟೆಯ ಪೊಟ್ಟಣ ಬಿಚ್ಚಿಸಿದಾಗ ಹಳೇ ಅಟ್ಟದ ವಾಸನೆ ಬಂತು. ಲುಂಗಿಗೆ ಬೂಷ್ಟು ಹಿಡಿದಿತ್ತು. ಪರೀಕ್ಷೆಗೆಂದು ಕತ್ತರಿಸಿ ತೆಗೆದ ಕಡೆ ಮೂರು ಚೌಕ ತೂತು. “ನಿಮ್ಮ ಸಮಕ್ಷಮ ಸೀಲ್ ಮಾಡಿದ್ದಾ?” ಎಂದು ಕೇಳಿದರು. ಚೀಟಿಯಲ್ಲಿ ನನ್ನ ಸಹಿ ಇತ್ತು. “ಹೌದು” ಎಂದೆ. ದೇವರ ಹೆಸರಲ್ಲಿ ಪ್ರಮಾಣ ಮಾಡಿ ಐದು ನಿಮಿಷ ಆಗಿರಲಿಲ್ಲ.

ಆಮೇಲೆ ಎದ್ದರು ಆರೋಪಿ ಪರ ವಕೀಲರು. ದನಿ ಏರಿಸುವವರಲ್ಲ. ಲುಂಗಿ ಒದ್ದೆಯಿತ್ತೇ? ಅರೆಬರೆ ಒಣಗಿತ್ತು ಸ್ವಾಮಿ. ಹೊರಗೆ ಮಳೆ ಇತ್ತೇ? ಇತ್ತು. ಗಾಳಿ? ಅದೂ ಇತ್ತು. ಹಾಗಿದ್ದರೆ ಅರಗು ಕರಗಿಸಲು ದೀಪ ಎಲ್ಲಿ ಹಚ್ಚಿದರು? ನಾನು ಸರ್ಕಾರಿ ವಕೀಲರ ಮುಖ ನೋಡಿದೆ, ಅವರು ಕಡತ ನೋಡುತ್ತಿದ್ದರು. “ಮಳೆಲಿ ಎಲ್ಲಿ ಹಚ್ಚೋದು ಸ್ವಾಮಿ” ಎಂದುಬಿಟ್ಟೆ. ನಮ್ಮ ಮಾತು ಕೋರ್ಟಿನ ಕನ್ನಡವಾಗುವ ಪರಿಯೇ ಬೇರೆ. ‘ಸ್ಥಳದಲ್ಲಿ ಮೊಹರು ಮಾಡಲಿಲ್ಲ ಎಂದರೆ ಸರಿ’ ಎಂದು ಟೈಪಾಯಿತು.

ಕೊನೆಯ ಪ್ರಶ್ನೆ: “ಮಳೆಗಾಲದಲ್ಲಿ ತೋಟಕ್ಕೆ ಹೋದರೆ ಇಂಬಳ ಕಚ್ಚಿ ರಕ್ತ ಬರುವುದು ಮಾಮೂಲು ಎಂದರೆ ಸರಿಯೇ?” ಇಂಬಳವೆಂದರೆ ನಮ್ಮ ಕಡೆಯ ಜಿಗಣೆ. ನ್ಯಾಯಾಧೀಶರ ತುಟಿಯಂಚಿನಲ್ಲಿ ನಗು ಸುಳಿಯಿತು. “ಸರಿ” ಎಂದೆ.

ಆ ಪ್ರಶ್ನೆಯ ತೂಕ ತಿಳಿದದ್ದು ಮಧ್ಯಾಹ್ನ, ಕ್ಯಾಂಟೀನಿನಲ್ಲಿ. ಈ ಕೇಸಿಗೆ ಸಂಬಂಧವಿಲ್ಲದ, ನಮ್ಮ ಕಡೆಯ ವಕೀಲರೊಬ್ಬರು ಕಾಫಿ ಕುಡಿಯುತ್ತ ಬಿಡಿಸಿ ಹೇಳಿದರು. ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ಎರಡೇ ಸಾಲು: ಕಲೆ ಮಾನವ ರಕ್ತದ್ದು, ಗುಂಪು ನಿರ್ಣಯಿಸಲಾಗಲಿಲ್ಲ. ಬರೆದವರು ಕೋರ್ಟಿಗೆ ಬಂದಿಲ್ಲ, ಬರಲೇಬೇಕೆಂದೂ ಇಲ್ಲ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮಿನ ಪ್ರಕಾರ ಅಂಥ ಸರ್ಕಾರಿ ತಜ್ಞರ ವರದಿ ತಾನೇ ಪುರಾವೆಯಾಗಿ ನಿಲ್ಲುತ್ತಿತ್ತು. ನ್ಯಾಯಾಲಯ ಬೇಕೆಂದರೆ ಕರೆಸಬಹುದು.

ನನಗೆ ಮೊದಲು ಸಮಾಧಾನವೇ ಆಯಿತು. ಚೊಗರಲ್ಲ ಎಂಬುದಾದರೂ ಗೊತ್ತಾಯಿತಲ್ಲ! ರಕ್ತ ಹುಡುಕುವ ಪ್ರಾಥಮಿಕ ಪರೀಕ್ಷೆಗಳು ಮೋಸ ಹೋಗುವುದುಂಟು ಎಂದು ಅವರೇ ಹೇಳಿದರು. ಲ್ಯೂಮಿನಾಲ್ ಎಂಬ ದ್ರಾವಣ ರಕ್ತ ಕಂಡರೆ ಹೊಳೆಯುವ ಹಾಗೆ ತಾಮ್ರದ ಲವಣಕ್ಕೂ ಹೊಳೆಯುತ್ತದಂತೆ. ನಮ್ಮ ಮೈಲುತುತ್ತ ಅದೇ ತಾನೆ. ಅದಕ್ಕೇ ಖಚಿತಪಡಿಸುವ ಪರೀಕ್ಷೆ ಬೇರೆ ಮಾಡುತ್ತಾರೆ. ಇಲ್ಲಿ ಮಾಡಿದ್ದರು. ಪ್ರಯೋಗಾಲಯ ತನ್ನ ಪಾಲಿನ ಕೆಲಸದಲ್ಲಿ ತಪ್ಪಿರಲಿಲ್ಲ.

ಆದರೆ ಮಲೆನಾಡಿನಲ್ಲಿ ಜುಲೈ ತಿಂಗಳ ಲುಂಗಿಯ ಮೇಲೆ ಮಾನವ ರಕ್ತ ಇದ್ದರೆ ಅದರಿಂದ ಏನು ಗೊತ್ತಾದಂತಾಯಿತು? ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಅದು ಕುಡಿದು ಉದುರಿದ ಮೇಲೂ ತಾಸುಗಟ್ಟಲೆ ಜಿನುಗುತ್ತದೆ. ನಮ್ಮ ಮನೆಯ ಗಳದಿಂದ ಎಳೆದು ಕಳಿಸಿದ್ದರೂ ಅದೇ ವರದಿ ಬರುತ್ತಿತ್ತು. ಯಾರ ರಕ್ತ ಎಂಬುದೇ ಇಡೀ ಪ್ರಶ್ನೆ. ಅದಕ್ಕೆ ಉತ್ತರ ಸಿಗುವ ಹಾದಿಯನ್ನು ನಾವು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಳೆಸಿದ್ದೆವು. ರಕ್ತದ ಬಟ್ಟೆಯನ್ನು ನೆರಳಲ್ಲಿ ಆರಿಸಿ ಕಾಗದದಲ್ಲಿ ಸುತ್ತಬೇಕು, ಪ್ಲಾಸ್ಟಿಕ್ಕಿನೊಳಗೆ ತೇವ ನಿಂತು ಬೂಷ್ಟು ರಕ್ತವನ್ನು ತಿಂದುಹಾಕುತ್ತದೆ. ಕೊಳೆ ಅಡಿಕೆ ನೋಡಿದ ಯಾವನಿಗೂ ಹೇಳಿಕೊಡಬೇಕಾದ ಮಾತಲ್ಲ ಇದು. ಆದರೂ ನಾನು ಕೊಡೆ ಹಿಡಿದು ನೋಡುತ್ತ ನಿಂತಿದ್ದೆ. ಪೊಟ್ಟಣ ಮಡಿವಾಳ ತಲುಪಿದ್ದು ನಲವತ್ತೊಂದು ದಿನದ ಮೇಲೆ.

“ನಿಮ್ಮೂರಿನದು ಬಿಡಿ” ಎಂದು ಅವರು ದೆಹಲಿಯ ಛಾವ್ಲಾ ಕೊಲೆ ಪ್ರಕರಣ ಹೇಳಿದರು. ಗಲ್ಲು ಶಿಕ್ಷೆಯಾಗಿದ್ದ ಮೂವರನ್ನು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತ್ತು. ಡಿಎನ್‌ಎ ವರದಿಯೇ ಇದ್ದ ಕೇಸದು. ಆದರೆ ಮಾದರಿಗಳು ಹತ್ತು ದಿನಕ್ಕೂ ಹೆಚ್ಚು ಪೊಲೀಸ್ ಠಾಣೆಯ ಮಾಲ್‌ಖಾನೆಯಲ್ಲೇ, ಅಂದರೆ ಜಪ್ತಿ ವಸ್ತು ಇಡುವ ಕೋಣೆಯಲ್ಲೇ, ಇದ್ದವು. ಅಲ್ಲಿ ಯಾರೂ ಕೈ ಹಾಕಿಲ್ಲವೆಂಬ ಖಾತ್ರಿ ನ್ಯಾಯಾಲಯಕ್ಕೆ ಸಿಗಲಿಲ್ಲ. ಸತ್ತದ್ದು ಹತ್ತೊಂಬತ್ತರ ಹುಡುಗಿ. ಅವಳ ಅಪ್ಪ ಅಮ್ಮನಿಗೆ ಮಾಲ್‌ಖಾನೆಯ ಸಂಗತಿ ಯಾರು ಹೇಗೆ ತಿಳಿಸಿದರೋ ಎಂದು ಕಾಫಿ ಲೋಟ ಹಿಡಿದು ಯೋಚಿಸಿದೆ.

ಈಗಿನ ಕಾನೂನಿನಲ್ಲಿ, 2024ರ ಜುಲೈ 1ರಿಂದ, ಜಪ್ತಿಯನ್ನು ವೀಡಿಯೊ ಮಾಡಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರಬೇಕು, ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಆಗುಂಬೆ ಘಾಟಿಯ ಮಗ್ಗುಲಿನ ಒಂಟಿ ಮನೆಗೆ ಪುಷ್ಯ ಮಳೆಯಲ್ಲಿ ತಜ್ಞರು ಬರುವುದನ್ನು ನೋಡುವ ಆಸೆ ನನಗಂತೂ ಇದೆ.

ಕೇಸು ಆ ವರ್ಷವೇ ಮುಗಿಯಿತು. ಕಣ್ಣಾರೆ ಕಂಡವರೆನಿಸಿಕೊಂಡ ನೆಂಟರಿಬ್ಬರು ಮೊದಲೇ ತಿರುಗಿಬಿದ್ದಿದ್ದರು. ಸಂಶಯದ ಲಾಭ ಕೊಟ್ಟು ಬಿಡುಗಡೆ. ಲುಂಗಿ ಬೆಲೆಯಿಲ್ಲದ ವಸ್ತುವಾದ್ದರಿಂದ ಅಪೀಲಿನ ಅವಧಿ ಮುಗಿದ ಮೇಲೆ ನಾಶಪಡಿಸಬೇಕೆಂದು ಆದೇಶವಾಯಿತಂತೆ. ಅವನು ಹೊಡೆದನೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಹೊಡೆದಿದ್ದರೆ ಅವನನ್ನು ಬಿಡಿಸಿದವರಲ್ಲಿ ನಾನೂ ಒಬ್ಬ. ಹೊಡೆಯದೆ ಇದ್ದಿದ್ದರೆ, ಆ ದೀಪದ ಪ್ರಶ್ನೆ ಬರದೇ ಹೋಗಿದ್ದರೆ, ನನ್ನ ‘ಹೌದು’ ಅವನನ್ನು ಜೈಲಿಗೆ ದೂಡಲು ಒಂದು ಕೈ ಸೇರಿಸುತ್ತಿತ್ತು.

ಸಾಕ್ಷಿ ಹೇಳಿದ ದಿನ ಸಂಜೆಯ ಬಸ್ಸಿನಲ್ಲಿ ಏಟು ತಿಂದವನೂ ಇದ್ದ. ಪಕ್ಕದ ಸೀಟು ಖಾಲಿಯಿತ್ತು, ಬಂದು ಕೂತ. ಗಾಜನೂರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ.

“ಎಂತ ಕೇಳಿದ್ರು ಅಣ್ಣಯ್ಯ?”

“ಲುಂಗಿ ಕೇಳಿದ್ರು. ಕವರು ಕೇಳಿದ್ರು.”

“ಕವರಾ?”

“ಹ್ಞೂಂ. ಮತ್ತೆ ಇಂಬಳ.”

ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ. ಕೂದಲು ಹುಟ್ಟದ ಗೆರೆಯೊಂದು ಕಿವಿಯ ಮೇಲಿನಿಂದ ನೆತ್ತಿಯವರೆಗೆ ಹೋಗಿತ್ತು. “ನನ್ನ ತಲೆ ಬಗ್ಗೆ ಕೇಳ್ಲಿಲ್ವಾ?” ಎಂದ. ಇಲ್ಲವೆಂದೆ. ಕಂಡಕ್ಟರ್ ಬಂದ. ಅವನ ಟಿಕೆಟನ್ನೂ ನಾನೇ ತೆಗೆದೆ, ಕೋರ್ಟಿನಲ್ಲಿ ಕೊಟ್ಟ ಬತ್ತೆಯ ದುಡ್ಡಿನಲ್ಲಿ.